ಮಾವ ಕಚ್ಚಿ ಆರಿಸಿದ ಟಿಪ್

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಹೇಳಲಿ. ಕಿರುಬೆರಳಿನ ಉಗುರಿನಷ್ಟಗಲದ ಒಂದು ಚರ್ಮದ ಬಿಲ್ಲೆಯ ಬಗ್ಗೆ ಎರಡು ತಾಲ್ಲೂಕಿನ ಗಂಡಸರು ದಿನಾ ಅಂಗಡಿ ಬಾಗಿಲಿಗೆ ಬಂದು ಬುದ್ಧಿ ಹೇಳಿದರೆ ಅವರ ಸಿಟ್ಟು ಎಲ್ಲಿರುತ್ತಿತ್ತೋ ನಾನೂ ನೋಡುತ್ತಿದ್ದೆ.

ಶಿಕಾರಿಪುರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಶಟಲ್ ರಾಕೆಟ್ಟಿಗೆ ದಾರ ಹೆಣೆಯುವುದು, ಕ್ರಿಕೆಟ್ ಬ್ಯಾಟಿನ ಹಿಡಿಗೆ ದಾರ ಸುತ್ತುವುದು, ಕೇರಂ ಬೋರ್ಡಿನ ಮೂಲೆಗೆ ಬಲೆ ಹಾಕುವುದು, ಇಂಥವೇ ಕೆಲಸ. ಕಾಲೇಜಿನಲ್ಲಿ ಶಟಲ್ ಆಡುತ್ತಿದ್ದೆ. ಆಗ ನನ್ನ ರಾಕೆಟ್ಟಿನ ದಾರ ಹರಿದಾಗಲೆಲ್ಲ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಿ, ಅಲ್ಲಿನ ರಿಪೇರಿಯವನ ಕೈಯನ್ನೇ ನೋಡುತ್ತಾ ನಿಂತು ಕಲಿತ ವಿದ್ಯೆ ಇದು. ಮದುವೆಯಾಗಿ ಸೊರಬದಿಂದ ಶಿಕಾರಿಪುರಕ್ಕೆ ಬಂದ ಮೇಲೆ, ಮನೆಯಲ್ಲಿ ಕೂತು ಬೇಜಾರಾಗಿ ಅಂಗಡಿ ತೆರೆದೆ. ‘ಹೆಂಗಸು ಬ್ಯಾಟ್ ರಿಪೇರಿ ಮಾಡ್ತಾಳಂತೆ’ ಎಂದು ನೋಡಲು ಬಂದವರೇ ಮುಂದೆ ಗಿರಾಕಿಗಳಾದರು.

ಎಲ್ಲಾ ಸರಿಯಾಗೇ ನಡೆಯುತ್ತಿತ್ತು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಪೂಲ್ ಸೆಂಟರ್ ಶುರುವಾಯಿತು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಬಣ್ಣಬಣ್ಣದ ಚೆಂಡು, ಅವನ್ನು ಹೊಡೆದು ಮೂಲೆಯ ತೂತಿಗೆ ಬೀಳಿಸುವುದಕ್ಕೆ ಒಂದು ಉದ್ದನೆಯ ಕೋಲು. ಕೋಲಿಗೆ ಕ್ಯೂ ಎನ್ನುತ್ತಾರೆ. ಕ್ಯೂನ ತುದಿಗೆ ಅಂಟಿಸುವ ಚರ್ಮದ ಬಿಲ್ಲೆಯೇ ಟಿಪ್. ಚೆಂಡಿಗೆ ತಾಗುವುದು ಅದೊಂದೇ. ಅದು ಸವೆದರೆ, ಎದ್ದು ಹೋದರೆ, ಎಷ್ಟು ದೊಡ್ಡ ಆಟಗಾರನೂ ಬರೀ ಕೋಲು ಹಿಡಿದ ದನಗಾಹಿ. ಸವೆದ ಟಿಪ್ ಬ್ಲೇಡಿನಿಂದ ಕಿತ್ತು, ತುದಿ ಉಜ್ಜಿ, ಹೊಸದನ್ನು ಅಂಟಿಸಿ, ಸುತ್ತ ಕೆತ್ತಿ ಗುಂಡಗೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸ್ವಲ್ಪ ದಿನಕ್ಕೆ ಸೊರಬದಲ್ಲೂ ಒಂದು ಪೂಲ್ ಸೆಂಟರ್ ಆಯಿತು. ತವರಿನವಳು ಎಂದು ಅವರ ಕ್ಯೂಗಳೂ ಬಸ್ಸಿನಲ್ಲಿ ನನ್ನ ಹತ್ತಿರವೇ ಬರತೊಡಗಿದವು.

ಅಲ್ಲಿಂದ ಶುರುವಾಯಿತು ನೋಡಿ ತಾಪತ್ರಯ. ಮೊದಲ ಮಳೆಗಾಲದಲ್ಲೇ ಸೊರಬದ ಪೂಲ್ ಸೆಂಟರಿನ ಯಜಮಾನರ ಫೋನು.

“ಎಂತ ಮಾರಾಯ್ರೇ ನೀವು ಹಾಕಿದ್ದು? ಟಿಪ್ಪೋ ಅಣಬೆಯೋ? ಎಲ್ಲಾ ಉಬ್ಬಿ ಕೊಡೆ ಬಿಚ್ಚಿ ಕೂತವೆ. ಸಾರು ಮಾಡ್ಬಹುದು.”

ಹೋಗಿ ನೋಡಿದರೆ ನಿಜ. ಶಿಕಾರಿಪುರದಲ್ಲಿ ಗಟ್ಟಿಯಾಗಿದ್ದ ಟಿಪ್‌ಗಳು ಸೊರಬದ ಥಂಡಿಗೆ ನೀರು ಕುಡಿದು ಅಂಚೆಲ್ಲ ಅಗಲವಾಗಿ, ಅಂಟು ಬಿಟ್ಟು ನಿಂತಿದ್ದವು. ಅಲ್ಲಿಗಾಗಲಿ ಎಂದು ತೀರಾ ಗಟ್ಟಿ ಜಾತಿಯದನ್ನು ತರಿಸಿದೆ. ಅದು ಮಳೆಗೇನೋ ಜಗ್ಗಲಿಲ್ಲ, ಆದರೆ ಬಿಸಿಲೂರಿನ ನಮ್ಮ ಶಿಕಾರಿಪುರದವರು ಅದನ್ನು ಹಿಡಿದು ಹೊಡೆದರೆ ಚೆಂಡಿನ ಮೇಲೆ ಜಾರಿ ಜಾರಿ ಮೇಜಿನ ಬಟ್ಟೆ ಹರಿಯಿತು. ಶಿಕಾರಿಪುರದ ಯಜಮಾನರು ಮೆಟ್ಟಿಲಿಳಿದು ಬಂದವರೇ ಬಾಗಿಲಲ್ಲಿ ನಿಂತು, “ಏನ್ರೀ ಅಕ್ಕಾರೆ, ಟಿಪ್ ಹಾಕೀರೋ ಕಲ್ ಹಾಕೀರೋ?” ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದು ಇದಕ್ಕೇ. ಮೆತ್ತಗಿನದು ಇಡಿ ಅನ್ನುವವರು ಕೆಲವರು, ಗಟ್ಟಿ ಇಡಿ ಅನ್ನುವವರು ಕೆಲವರು, ಮೊಬೈಲಿನಲ್ಲಿ ಯಾರೋ ಫಾರಿನ್ ದೊರೆಯ ಆಟ ತೋರಿಸಿ ‘ಅವ್ರು ಹಾಕ್ಕೊಂಡಿರೋದೇ ತರ್ಸಿ’ ಅನ್ನುವವರು ಕೆಲವರು. ಕೋಲು ಹಿಡಿದವರೆಲ್ಲ ಪಂಡಿತರೇ.

ಬೆಂಗಳೂರಿನ ವ್ಯಾಪಾರಿಯೊಬ್ಬ ಮೂರು ನಮೂನೆ ಕಳಿಸಿದ. ಬರೀ ಪ್ಲಾಸ್ಟಿಕ್ ಕವರು, ಮೇಲೆ ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ಬರೆದದ್ದು ಬಿಟ್ಟರೆ ಮತ್ತೇನೂ ಇಲ್ಲ. ಒಂದನ್ನು ಆರಿಸಿ ಹೇಳಿ, ಇಡೀ ಪೆಟ್ಟಿಗೆ ಕಳಿಸುತ್ತೇನೆ, ಬಿಡಿಯಾಗಿ ಕೊಡುವುದಿಲ್ಲ ಎಂದ. ಮೂರನ್ನೂ ಮೇಜಿನ ಗಾಜಿನ ಮೇಲಿಟ್ಟುಕೊಂಡು ಬೆಳಗಿನಿಂದ ನೋಡುತ್ತಾ ಕೂತಿದ್ದೆ. ನೋಡಿದರೆ ತಿಳಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆ ಹೊತ್ತಿಗೆ ಊಟದ ಡಬ್ಬಿ ಹಿಡಿದುಕೊಂಡು ನಮ್ಮ ಮಾವ ಬಂದರು.

ಮಾವನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಶಿಕಾರಿಪುರದ ಮಂಡಿಯಲ್ಲಿ ಒಂದು ದಲಾಲಿ ಅಂಗಡಿಗೆ ಕಾಳು ನೋಡುವ ಕೆಲಸದಲ್ಲಿದ್ದವರು. ರೈತರು ತಂದ ಮೆಕ್ಕೆಜೋಳದ ರಾಶಿಯಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಕುಲುಕಿ ಸದ್ದು ಕೇಳಿ, ಒಂದು ಕಾಳು ಹಲ್ಲಿಗಿಟ್ಟು ಕಟಕ್ ಅನ್ನಿಸಿ, “ಹಸಿ ಐತೆ, ಎರಡು ಬಿಸ್ಲು ಬೇಕು” ಎಂದರೆ ಮುಗಿಯಿತು. ಕೊಳ್ಳುವವನೂ ಒಪ್ಪುತ್ತಿದ್ದ, ಮಾರುವವನೂ ಒಪ್ಪುತ್ತಿದ್ದ. ‘ಅಜ್ಜನ ಹಲ್ಲು’ ಎಂದರೆ ಮಂಡಿಯಲ್ಲಿ ಒಂದು ಮಾತಿತ್ತು. ಆಮೇಲೆ ತೇವ ಅಳೆಯುವ ಮಷಿನ್ ಬಂತು. ಒಂದು ಹಿಡಿ ಕಾಳು ಸುರಿದರೆ ಅಂಕಿ ತೋರಿಸುವ ಡಬ್ಬಿ. ಯಾರೂ ಮಾವನಿಗೆ ಬರಬೇಡಿ ಎನ್ನಲಿಲ್ಲ. ಕೂರಿಸಿ ಚಹಾ ಕೊಡುತ್ತಿದ್ದರಂತೆ, ಕಾಳು ಮಾತ್ರ ಯಾರೂ ಕೈಗೆ ಕೊಡುತ್ತಿರಲಿಲ್ಲ. ಒಂದು ದಿನ ಮಾವ, “ಮೊಣಕಾಲು ನೋಯ್ತೈತೆ, ಇನ್ನು ಮಂಡಿಗೆ ಹೋಗಾಕಿಲ್ಲ” ಎಂದು ಮನೆಯಲ್ಲಿ ಕೂತುಬಿಟ್ಟರು. ಮೊಣಕಾಲಿಗೆ ಎಣ್ಣೆ ತಂದುಕೊಟ್ಟೆವು. ಆ ಸೀಸೆಯ ಮುಚ್ಚಳ ಅವರು ತೆಗೆಯಲೇ ಇಲ್ಲ.

ಅಂಥವರು ಅಂದು ಡಬ್ಬಿ ಕೆಳಗಿಟ್ಟು, “ಏನವ್ವಾ, ಮಾರಿ ಸಪ್ಪಗೈತೆ?” ಎಂದರು. ಹೇಳಿದೆ. ಒಂದೇ ಜಾತಿ ತರಿಸಬೇಕು, ಸೊರಬದ ಮಳೆಗೂ ಉಬ್ಬಬಾರದು, ಶಿಕಾರಿಪುರದ ಬಿಸಿಲಿಗೂ ಕಲ್ಲಾಗಬಾರದು, ಮೂರರಲ್ಲಿ ಯಾವುದೆಂದು ಗೊತ್ತಾಗುತ್ತಿಲ್ಲ ಎಂದೆ. ಮಾವ ಒಂದನೆಯದನ್ನು ಎತ್ತಿ ಗಾಜಿನ ಮೇಲೆ ಬೀಳಿಸಿ ಕಿವಿ ಕೊಟ್ಟರು. ಆಮೇಲೆ ನಾನು ಬಾಯಿ ತೆರೆಯುವುದರೊಳಗೆ ಅದನ್ನು ಹಲ್ಲಿಗಿಟ್ಟರು.

“ಅಯ್ಯಯ್ಯೋ ಮಾವಾ! ಅದು ಚರ್ಮ ರೀ!”

“ಚರ್ಮ ಆದ್ರೇನಾತು? ಮಠದ ನಗಾರಿಗೆ ಹೊದ್ಸಿರಾದು ರೇಷ್ಮೇನಾ? ನಾನೇನು ನುಂಗ್ತೀನಾ, ಬಾಯಿ ಮುಕ್ಕಳ್ಸಿದ್ರೆ ಆತು. ನೀರ್ ತಾ.”

ಒಂದು ತಂಬಿಗೆ ನೀರು ತಂದಿಟ್ಟೆ. ಎರಡು ಹೊತ್ತು ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ, ಮೊಟ್ಟೆ ಹಾಕಿದ ಕೇಕೆಂದು ಮೊಮ್ಮಗಳ ಹುಟ್ಟುಹಬ್ಬದಲ್ಲಿ ತಟ್ಟೆ ದೂರ ತಳ್ಳಿದವರು, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಚರ್ಮದ ಬಿಲ್ಲೆ ಕಚ್ಚುತ್ತಿದ್ದಾರೆ. ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಆ ಮುಖದಲ್ಲಿ ಕೆಲಸವಿತ್ತು. ಕಣ್ಣು ಅರ್ಧ ಮುಚ್ಚಿ, ತಲೆ ಓರೆ ಮಾಡಿ, ಕಚ್ಚಿ, ನಾಲಿಗೆಯ ತುದಿ ತಾಗಿಸಿ, ಮುಕ್ಕಳಿಸಿ ಉಗುಳಿ, ಮತ್ತೊಂದಕ್ಕೆ ಕೈ ಚಾಚುತ್ತಿದ್ದರು.

“ನೋಡವ್ವ, ಈ ಒಂದನೇದು ನಾಲಿಗೆಗೆ ಅಂಟ್ಕಂತೈತೆ. ಅಂದ್ರೆ ನೀರು ಕುಡಿಯಾ ಜಾತಿ. ನಿಮ್ಮೂರಾಗೆ ಎಂಟು ದಿನ ತಡ್ಯಾಕಿಲ್ಲ. ಎರಡ್ನೇದು ಕಚ್ಚಿದ್ರೆ ಹಲ್ಲಿಗೇ ತಿರುಗಿ ಹೊಡಿತೈತೆ, ಜಗ್ಗಾಕಿಲ್ಲ. ನಮ್ಮೂರಿನೋರು ಬೈತಾರೆ. ಈ ಮೂರ್ನೇದು ನೋಡು. ಕಚ್ಚಿದ್ರೆ ಒಳಗೆ ಹೋಗ್ತೈತೆ, ಬಿಟ್ರೆ ಎದ್ದು ಬರ್ತೈತೆ. ನಾಲಿಗೆಗೆ ಅಂಟಾಕಿಲ್ಲ. ಇದನ್ನ ತರ್ಸು.”

“ಹಂಗೆ ಹಲ್ಲಾಗೆ ನೋಡಿ ಇಡೀ ಪೆಟ್ಟಿಗೆ ತರ್ಸಾಕಾಗ್ತದಾ ಮಾವಾ?” ಎಂದು ನಕ್ಕೆ.

“ಇಡೀ ಲಾರಿ ತರ್ಸ್ತಿದ್ರು” ಎಂದರು ಮಾವ.

ಆದರೂ ನಾನು ಮೂರು ಕ್ಯೂಗೆ ಮೂರು ಟಿಪ್ ಹಾಕಿ, ಗುರುತಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಹಳೇ ಸೀರೆಯಲ್ಲಿ ಸುತ್ತಿ, ಶಿರಾಳಕೊಪ್ಪದ ಮೇಲೆ ಹೋಗುವ ಸೊರಬದ ಬಸ್ ಹತ್ತಿದೆ. ಕಂಡಕ್ಟರ್ ಗಂಟು ನೋಡಿ, “ಎಂತಕ್ಕಾ, ಗುಡವಿ ಪಕ್ಷಿಧಾಮದ ಹಕ್ಕಿ ಓಡ್ಸಕ್ಕೆ ಹೊರಟ್ರಾ?” ಎಂದ. “ಇಲ್ಲ, ಟಿಕೆಟ್ ಕೊಡದವ್ರಿಗೆ ಹೊಡಿಯಕ್ಕೆ” ಎಂದೆ. ಸೊರಬದ ಯಜಮಾನರಿಗೆ ಮೂರನ್ನೂ ಕೊಟ್ಟು, ಯಾವುದು ಯಾವುದೆಂದು ಹೇಳದೆ, ಮಳೆಯಲ್ಲೇ ಆಡಿಸಿ ನೋಡಿ ಎಂದು ಬಂದೆ. ಆ ಹದಿನೈದು ದಿನ ಸೊರಬದಲ್ಲಿ ಬಿಸಿಲು ಅನ್ನುವುದನ್ನು ಯಾರೂ ಕಾಣಲಿಲ್ಲ. ಆಮೇಲೆ ಫೋನು ಬಂತು.

“ಕೆಂಪು ದಾರ ಸುತ್ತಿದ ಕ್ಯೂ ಉಂಟಲ್ಲ, ಅದೊಂದು ಹಾಗೇ ಉಂಟು ಮಾರಾಯ್ರೇ. ಒಂದು ಅಣಬೆ ಆಯ್ತು. ಇನ್ನೊಂದು ಜಾರ್ತದೆ ಅಂತ ಯಾರೂ ಮುಟ್ಟೋದಿಲ್ಲ.”

ಕೆಂಪು ದಾರ ಸುತ್ತಿದ್ದು ಮೂರನೆಯದಕ್ಕೆ. ನಾನು ಅಂಗಡಿಯ ಬಾಗಿಲು ಅರ್ಧಕ್ಕೆ ಎಳೆದು ಮನೆಗೆ ಓಡಿದೆ. ಮಾವ ಅಂಗಳದಲ್ಲಿ ಹುರುಳಿ ಆರಿಸುತ್ತಿದ್ದರು. ಹೇಳಿದೆ. “ಹೂಂ” ಎಂದರು, ಅಷ್ಟೆ. ಸಂಜೆಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ಮಂಡಿಯ ಕಡೆ ಹೊರಟರು. ಮೊಣಕಾಲು ನೋವು ಎಲ್ಲಿ ಹೋಯಿತೋ ಶಿವನೇ ಬಲ್ಲ. ಮರುದಿನ ನನ್ನ ಅಂಗಡಿಗೆ ಬಂದ ಇಬ್ಬರು ಹಮಾಲರು, “ಅಜ್ಜಾರು ಸೊರಬದ ಆಟಕ್ಕೂ ಮಾಲು ನೋಡ್ತಾರಂತಲ್ರೀ?” ಎಂದು ಕೇಳಿದರು.

ಅಂದಿನಿಂದ ಮಾವ ದಿನಾ ಅಂಗಡಿಗೆ ಬರತೊಡಗಿದರು. ಒಂದು ಸ್ಟೂಲು ಅವರದು, ಸ್ಟೂಲಿನ ಕೆಳಗೆ ಆ ತಂಬಿಗೆ. ಕ್ಯೂ ತಂದವರನ್ನು ಅವರೇ ವಿಚಾರಿಸುತ್ತಿದ್ದರು, “ಯಾವೂರು? ನೆಲಕ್ಕೆ ಟೈಲ್ಸ್ ಐತೋ, ಗಾರೆ ಐತೋ? ಕಿಟಕಿ ಯಾವ ದಿಕ್ಕಿಗೆ?” ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ಹೇಳಿ ಹೇಳಿ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ರಾಕೆಟ್ ಹೆಣೆಯುತ್ತಾ ಮಾವನ ಮಂಡಿಯ ಕತೆ ಕೇಳುವುದರಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ನಾನು ಹೇಳಿ ತರಿಸಿದ ಮೂರನೆಯ ಜಾತಿಯ ಪೆಟ್ಟಿಗೆ ಬಂದದ್ದು ಒಂದು ಸೋಮವಾರ. ಸೋಮವಾರ ಮಾವನ ಪೂಜೆ ಜಾಸ್ತಿ, ಅಂಗಡಿಗೆ ಬರುವುದು ತಡ. ಪೆಟ್ಟಿಗೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಏನೇನೋ ಇತ್ತು. ಹತ್ತು ಪದರ ಒತ್ತಿ ಮಾಡಿದ್ದು, ತೇವ ತಡೆಯುತ್ತದೆ, ಎಲ್ಲ ಓದುತ್ತಾ ಬಂದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಹಂದಿ ಚರ್ಮ.

ವ್ಯಾಪಾರಿಗೆ ಫೋನು ಮಾಡಿ ಬೈದೆ. “ಮೇಡಂ, ಒಳ್ಳೇ ಟಿಪ್ಪೆಲ್ಲಾ ಅದ್ರಲ್ಲೇ ಮಾಡೋದು, ನೀವ್ಯಾಕೆ ಹೆದರ್ತೀರಾ, ಅದನ್ನೇನು ತಿಂತೀರಾ?” ಎಂದ. ತಿಂದಿದ್ದಾರಪ್ಪಾ, ಹೆಚ್ಚೂ ಕಡಿಮೆ ತಿಂದೇ ಇದ್ದಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಪೆಟ್ಟಿಗೆಯ ಆ ಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕಾಲೇಜಿಗೆ ಪಾಠ ಮಾಡಲು ಹೊರಟಿದ್ದ ನಮ್ಮವರನ್ನು ಅಂಗಡಿ ಮುಂದೆ ನಿಲ್ಲಿಸಿ ಹೇಳಿದರೆ ಅವರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. “ಅಪ್ಪಗೆ ಹೇಳಿದ್ರೆ ಊಟ ಬಿಡ್ತಾರೆ. ಬಾಯಿ ಮುಚ್ಕೊಂಡು ಸುಮ್ನಿರು ಮಾರಾಯ್ತಿ. ಇನ್ಮೇಲೆ ಕಚ್ಚಾಕೆ ಕೊಡಬ್ಯಾಡ, ಆತು.”

ಸರಿ ಎಂದುಕೊಂಡೆ. ಮಧ್ಯಾಹ್ನ ಮಾವ ಬಂದರು, ತಂಬಿಗೆ ತುಂಬಿಸಿಕೊಂಡರು, ಹೊಸ ಪೆಟ್ಟಿಗೆಯಿಂದ ಒಂದು ಟಿಪ್ ತೆಗೆದರು. “ನಮೂನೆ ಒಂದು, ಮಾಲು ಒಂದು ಕಳ್ಸಿರ್ತಾರವ್ವ ಈ ಪ್ಯಾಟಿ ಮಂದಿ. ಕಚ್ಚಿ ನೋಡ್ತೀನಿ.”

ನಾನು ಅವರ ಕೈಯಿಂದ ಅದನ್ನು ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ. “ಬ್ಯಾಡ ಮಾವಾ. ಕಂಪನಿಯವರೇ ನೋಡಿ ಕಳ್ಸಿರ್ತಾರೆ. ಇನ್ಮೇಲೆ ಕಚ್ಚಾದೇನೂ ಬ್ಯಾಡ.”

ಮಾವ ತಮ್ಮ ಖಾಲಿ ಕೈಯನ್ನು ನೋಡಿಕೊಂಡರು. “ನೀನೂ ಮಷಿನ್ ತರ್ಸಿದ್ಯೇನವ್ವಾ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ತಂಬಿಗೆಯ ನೀರನ್ನು ಬಾಗಿಲ ಮುಂದಿನ ತುಳಸಿ ಡಬ್ಬಕ್ಕೆ ಹಾಕಿ ಹೊರಟು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮನೆಗೆ ಹೋಗಿ ಯಾಕೆಂದು ಕೇಳಿದರೆ, “ಮೊಣಕಾಲು ನೋಯ್ತೈತೆ” ಎಂದರು.

ಮಂಡಿ ಬಿಡುವಾಗ ನೋಯುತ್ತಿದ್ದ ಅದೇ ಮೊಣಕಾಲು. ಮಂಡಿಯವರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಮಂಡಿಯವರಾದರೂ ಚಹಾ ಕೊಟ್ಟಿದ್ದರು. ಹೇಳಿದರೆ ಅವರ ಆಚಾರಕ್ಕೆ ಪೆಟ್ಟು, ಹೇಳದಿದ್ದರೆ ಅವರ ಹಲ್ಲಿಗೆ ಪೆಟ್ಟು. ಅಂಗಡಿಯಲ್ಲಿ ತಂಬಿಗೆ ನೋಡಿದಾಗಲೆಲ್ಲ ಸಂಕಟವಾಗಿ, ಅದನ್ನು ಮನೆಗೆ ತಂದು ಅಡುಗೆಮನೆಯಲ್ಲಿಟ್ಟೆ. ಒಂದು ರಾತ್ರಿ ಕಳೆದು ಬೆಳಗಾದ ಮೇಲೆ, ಏನಾದರಾಗಲಿ ಎಂದು ಮಾವನ ಎದುರು ಹೋಗಿ ಕೂತೆ.

“ಮಾವಾ, ಮಷಿನ್ ಗಿಷಿನ್ ಏನೂ ತರ್ಸಿಲ್ಲ. ನೀವು ಆರ್ಸಿದ್ರಲ್ಲ ಮೂರ್ನೇದು, ಅದು ಹಂದಿ ಚರ್ಮ. ಪೆಟ್ಟಿಗೆ ಬಂದ್ಮೇಲೆ ಗೊತ್ತಾತು. ಅದಕ್ಕೇ ಕಿತ್ಕೊಂಡೆ. ಮೊದ್ಲೇ ಕೇಳ್ದೆ ನಿಮ್ ಕೈಗೆ ಕೊಟ್ಟಿದ್ದು ನನ್ ತಪ್ಪು. ಬೈರಿ, ಹೊಡೀರಿ, ಏನಾರ ಮಾಡ್ರಿ.”

ಮಾವನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ನನ್ನನ್ನು ನೋಡಲಿಲ್ಲ. ಎದ್ದು ಬಚ್ಚಲಿಗೆ ಹೋದರು. ಮುಕ್ಕಳಿಸುವ ಸದ್ದು, ಆಮೇಲೆ ತಲೆಗೆ ನೀರು ಸುರಿದುಕೊಳ್ಳುವ ಸದ್ದು, ಮತ್ತೆ ಮುಕ್ಕಳಿಸುವ ಸದ್ದು. ಹೊರಗೆ ಬಂದು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತವರು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನಮ್ಮವರು ಕಾಲೇಜಿನಿಂದ ಬಂದು ನನಗೆ ಸರಿಯಾಗಿ ಬೈದರು. ನಾನೂ ಬಿಡಲಿಲ್ಲ. “ನಾಳೆ ಅಂಗಡೀಲಿ ಯಾವನೋ ಪೆಟ್ಟಿಗೆ ಓದಿ ಹೇಳಿದ್ರೆ ಎಂತ ಮಾಡ್ತಿದ್ರಿ? ಮನೆಯವ್ರು ಗೊತ್ತಿದ್ದೂ ಸುಮ್ನಿದ್ರು ಅನ್ನೋದು ಹಂದಿಗಿಂತ ಕೆಟ್ಟದ್ದು” ಎಂದೆ.

ಅದಾದ ಮೇಲೆ ಮೂರು ದಿನ ಮಾವ ನನ್ನ ಹತ್ತಿರ ಮಾತಾಡಲಿಲ್ಲ. ಅಂಗಡಿಯಲ್ಲಿ ನಾನು ಅದೇ ಟಿಪ್‌ಗಳನ್ನೇ ಹಾಕುತ್ತಿದ್ದೆ, ಬೇರೆ ದಾರಿಯಿರಲಿಲ್ಲ. ತುದಿಗೆ ಎಂಜಲು ಹಚ್ಚಿ ಉಜ್ಜುವ ಅಭ್ಯಾಸ ಕೆಲವು ಆಟಗಾರರಿಗಿದೆ. ಅಂಥವರಿಗೆ ಇದು ಇಂಥದ್ದು, ಬಾಯಿಗಿಡಬೇಡಿ ಎಂದು ಮುಖಕ್ಕೇ ಹೇಳಿದೆ. ಇನ್ನೊಬ್ಬ ವ್ಯಾಪಾರಿಯನ್ನು ಹುಡುಕಿ, ಎಮ್ಮೆ ಚರ್ಮದ್ದೇ ಎಂದು ಬರೆದು ಕಳಿಸು ಎಂದು ಜಗಳ ಮಾಡಿ, ನಾಲ್ಕು ನಮೂನೆ ತರಿಸಿದೆ. ಅವು ಬಂದು ಮೇಜಿನ ಮೇಲೆ ಬಿದ್ದಿದ್ದವು. ಕಚ್ಚುವವರಿಲ್ಲದೆ ನನಗೆ ಅವು ಮತ್ತೆ ನಾಲ್ಕು ಅಂಗಿಯ ಗುಂಡಿಗಳಷ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಸೊರಬದ ಒಂದು ಕ್ಯೂ ಹಿಡಿದು, ಟಿಪ್ ಕೂರುವ ತುದಿಯ ಹಿತ್ತಾಳೆಯ ಬಳೆ ಉಜ್ಜುತ್ತಿದ್ದೆ. ನೆರಳು ಬಿತ್ತು. ಮಾವ ನಿಂತಿದ್ದರು, ಕೈಯಲ್ಲಿ ಊಟದ ಡಬ್ಬಿ. ಸ್ಟೂಲಿನ ಮೇಲೆ ಕೂತರು. ಗೋಡೆಗೆ ತಿರುಗಿಸಿದ್ದ ಪೆಟ್ಟಿಗೆಯನ್ನು ಒಮ್ಮೆ ನೋಡಿ ಆ ಕಡೆಗೆ ಬೆನ್ನು ಮಾಡಿದರು.

“ಬಾಯಿಗೆ ಹೋಗಿದ್ದು ಹೋತು. ಅದು ನನಗೂ ಶಿವಗೂ ಬಿಟ್ಟಿದ್ದು, ನೀನು ಅದನ್ನ ತಲಿಗೆ ಹಚ್ಕೊಬ್ಯಾಡ” ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಒಂದು ಮಾತು ಖರೇ ಹೇಳು. ನಾ ಆರ್ಸಿದ್ದು ಸರಿ ಇತ್ತೋ ಇಲ್ಲೋ?”

ಮೂರು ದಿನ ಆ ಮನುಷ್ಯ ಪೂಜೆಗೆ ಕೂತು ಮನಸ್ಸಿನಲ್ಲಿ ಬೇಯಿಸಿಕೊಂಡದ್ದು ಇದನ್ನೇ ಎಂದು ಆಗ ತಿಳಿಯಿತು. ನನಗೆ ನಗು ಬಂತು, ನಗುವ ಮೊದಲೇ ಕಣ್ಣಲ್ಲಿ ನೀರು ಬಂತು.

“ಸರಿ ಇತ್ತು ಮಾವಾ. ಸೊರಬದಾಗೆ ಒಂದೂ ಉಬ್ಬಿಲ್ಲ, ಒಂದೂ ಎದ್ದಿಲ್ಲ. ನಮ್ಮೂರಾಗೂ ಯಾರೂ ಬೈದಿಲ್ಲ.”

“ಹೂಂ” ಎಂದರು. ಮೇಜಿನ ಮೇಲಿದ್ದ ಹೊಸ ನಮೂನೆಗಳ ಕಡೆ ಗದ್ದ ಎತ್ತಿ, “ಅವೇನು?” ಎಂದರು.

“ಎಮ್ಮೇದು. ಬರೆಸ್ಕೊಂಡೇ ತರ್ಸೀನಿ. ಚೀಟಿ ನೋಡ್ರಿ.”

ಮಾವ ಚೀಟಿ ನೋಡಲಿಲ್ಲ. ಒಂದು ಟಿಪ್ ಎತ್ತಿ ಗಾಜಿನ ಮೇಲೆ ಬೀಳಿಸಿ ಕಿವಿ ಕೊಟ್ಟರು. ಆಮೇಲೆ ಬಗ್ಗಿ ಸ್ಟೂಲಿನ ಕೆಳಗೆ ಕೈಯಾಡಿಸಿ, ಸಿಟ್ಟಿನಿಂದ ನನ್ನನ್ನು ನೋಡಿದರು.

“ನನ್ ತಂಬಿಗೆ ಎಲ್ಲಿ ಇಟ್ಟೀಯವ್ವಾ?”

ನಾನು ಕ್ಯೂ ಅಲ್ಲೇ ಬಿಟ್ಟು ಅದನ್ನು ತರಲು ಮನೆಗೆ ಓಡಿದೆ.